‘ಮದುವೆಯಾಗಿದೆ’: ಕನ್ನಡದ ಒಂದು ರೂಪ, ಇಂಗ್ಲಿಷಿನ ಹಲವು ರೂಪಗಳು

‘ಅವಳಿಗೆ ಮದುವೆಯಾಗಿದೆ’ ಎಂಬ ಕನ್ನಡ ವಾಕ್ಯದಲ್ಲಿ ಎರಡು ಅರ್ಥಗಳು ಅಡಕವಾಗಿವೆ: ವಿವಾಹವೆಂಬ ಕ್ರಿಯೆ ಹಿಂದೆ ನಡೆದಿದೆ, ಅದರ ಫಲವಾದ ಸ್ಥಿತಿ ಇಂದಿಗೂ ಇದೆ. ಇಂಗ್ಲಿಷು ಇವೆರಡನ್ನು ಬೇರ್ಪಡಿಸಿ ಹೇಳುತ್ತದೆ. ಅರ್ಜಿಯನ್ನೋ ಸ್ವಪರಿಚಯವನ್ನೋ ಬರೆಯುವ ವಿದ್ಯಾರ್ಥಿಗಳು ಈ ಭೇದವನ್ನು ಅರಿತಿರಬೇಕು.

ಇಂದಿನ ಸ್ಥಿತಿಗೆ ‘ಶಿ ಈಸ್ ಮ್ಯಾರೀಡ್’; ನಡೆದ ಕ್ರಿಯೆಗೆ ‘ಶಿ ಗಾಟ್ ಮ್ಯಾರೀಡ್ ಇನ್ 2015’. ಅಂದಿನಿಂದ ಇಂದಿನವರೆಗಿನ ಅವಧಿಯನ್ನು ಹೇಳುವಾಗ ‘ಶಿ ಹ್ಯಾಸ್ ಬೀನ್ ಮ್ಯಾರೀಡ್ ಸಿನ್ಸ್ 2015’ ಎನ್ನಬೇಕು. ‘ಈಸ್ ಮ್ಯಾರೀಡ್ ಸಿನ್ಸ್’ ಎಂಬುದು ಅಶುದ್ಧ. ವರ್ಷವನ್ನು ಸೂಚಿಸದೆ ‘ಶಿ ವಾಸ್ ಮ್ಯಾರೀಡ್’ ಎಂದಷ್ಟೇ ಬರೆದರೆ, ಆ ದಾಂಪತ್ಯ ಈಗ ಉಳಿದಿಲ್ಲವೆಂದು ಓದಿದವರು ತಿಳಿಯಬಹುದು. ನಮ್ಮಲ್ಲಿಯೂ ‘ಮದುವೆಯಾಗಿತ್ತು’ ಎಂದೊಡನೆ ‘ಈಗ?’ ಎಂಬ ಪ್ರಶ್ನೆ ಏಳುವುದಿಲ್ಲವೇ? ಒಂದು ಸಹಾಯಕ ಕ್ರಿಯಾಪದವು ಸುಮಂಗಲಿಯನ್ನು ವಿಧವೆಯಾಗಿಯೋ ವಿಚ್ಛೇದಿತೆಯಾಗಿಯೋ ತೋರಿಸಬಲ್ಲದು.

ವಿಭಕ್ತಿಯ ಕಡೆಗೂ ಗಮನ ಬೇಕು. ‘ಅವನೊಡನೆ ಮದುವೆಯಾಯಿತು’ ಎಂಬ ರೂಢಿಯನ್ನನುಸರಿಸಿ ಕೆಲವರು ‘ಮ್ಯಾರೀಡ್ ವಿತ್’ ಎಂದು ಬರೆಯುತ್ತಾರೆ. ವರನನ್ನೋ ವಧುವನ್ನೋ ಹೆಸರಿಸುವಾಗ ‘ಮ್ಯಾರೀಡ್ ಟು’ ಎಂಬುದೇ ಶುದ್ಧರೂಪ. ನಿಶ್ಚಿತಾರ್ಥವಾದವರಿಗೆ ‘ಎಂಗೇಜ್ಡ್ ಟು’. ‘ಮ್ಯಾರೀಡ್ ವಿತ್ ಚಿಲ್ಡ್ರನ್’ ಎಂಬ ಪ್ರಯೋಗವಿದೆಯಾದರೂ ಅದರ ಅರ್ಥ, ವಿವಾಹಿತರು ಮತ್ತು ಮಕ್ಕಳುಳ್ಳವರು ಎಂದು. ‘ಮ್ಯಾರಿ’ ಎಂಬುದು ಸಕರ್ಮಕ ಕ್ರಿಯಾಪದವಾಗಿ ಬಂದಾಗ ನಡುವೆ ಯಾವ ಪದವೂ ಬೇಡ: ‘ಶಿ ಮ್ಯಾರೀಡ್ ಎ ಟೀಚರ್’. ಇದು ‘ಅಧ್ಯಾಪಕನನ್ನು ಮದುವೆಯಾದಳು’ ಎಂಬ ನಮ್ಮ ದ್ವಿತೀಯಾ ವಿಭಕ್ತಿಯ ಪ್ರಯೋಗಕ್ಕೆ ಸಮಾನ.

ಅಭ್ಯಾಸ: ‘ಅವರು ಮದುವೆಯಾಗಿ ಹತ್ತು ವರ್ಷವಾಯಿತು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಇಲ್ಲಿ ಹೇಳುತ್ತಿರುವುದು ಕ್ರಿಯೆಯೋ ಸ್ಥಿತಿಯ ಅವಧಿಯೋ ಎಂಬುದನ್ನು ಮೊದಲು ನಿರ್ಣಯಿಸಿರಿ.