ಗಾಬರಿಯ ಮಾತ್ರೆ: ಕೊಡುವ ಬಗೆ, ಬಿಡುವ ಬಗೆ

ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವ ಕಲಾವಿಭಾಗದವನು. ಹೀಗಿದ್ದೂ ಔಷಧದ ವಿಷಯವಾಗಿ ಬರೆಯಲು ಹೊರಟಿರುವುದಕ್ಕೆ ನಮ್ಮ ಮನೆಯಲ್ಲೇ ನಡೆದ ಸಂಗತಿಯೊಂದು ಕಾರಣ.

ಗಾಜನೂರಿನಲ್ಲಿ ತುಂಗಾ ಅಣೆಕಟ್ಟಿನ ಸಮೀಪ ನಮ್ಮ ಮನೆ. ಒಂದು ಸಂಜೆ ಶಿವಮೊಗ್ಗೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಚಿಕ್ಕಪ್ಪನಿಗೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟಿತು, ಮೈ ಬೆವರಿತು, ಉಸಿರು ಕಟ್ಟಿದಂತಾಗಿ, ಇನ್ನು ತಾವು ಉಳಿಯುವುದಿಲ್ಲವೆನ್ನಿಸಿತು. ಆಸ್ಪತ್ರೆಯಲ್ಲಿ ನೋಡಿದರೆ ಹೃದಯದಲ್ಲಿ ದೋಷವಿಲ್ಲ. ಅದೇ ತಿಂಗಳು ಮತ್ತೆ ನಾಲ್ಕು ಸಲ ಹೀಗಾಯಿತು. ಬಸ್ಸು ಹತ್ತುವುದಕ್ಕೇ ಅಂಜತೊಡಗಿದರು. ಇದಕ್ಕೆ ಪ್ಯಾನಿಕ್ ಡಿಸಾರ್ಡರ್ ಎಂದು ಹೆಸರು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಪಟ್ಟಿಯಲ್ಲಿ ಇದನ್ನು ಪ್ರತ್ಯೇಕ ಬೇನೆಯಾಗಿ ಸೇರಿಸಿತು.

ಮನೋವೈದ್ಯರು ಕ್ಲೋನಜೆಪಾಮ್ ಎಂಬ ಮಾತ್ರೆಯನ್ನು ಮೂರು ವಾರಕ್ಕೆ ಬರೆದು, ಮತ್ತೆ ಬರಬೇಕೆಂದು ಹೇಳಿ ಕಳುಹಿಸಿದರು. ಗುಣ ಕಂಡಿತು. ಆದರೆ ಹುಚ್ಚಿನ ಡಾಕ್ಟರ ಬಳಿ ಹೋದರೆಂದು ಊರವರು ಆಡಿಕೊಂಡಾರೆಂಬ ಸಂಕೋಚದಿಂದ ಚಿಕ್ಕಪ್ಪ ಪುನಃ ಹೋಗಲಿಲ್ಲ. ಹಳೆಯ ಚೀಟಿಯನ್ನೇ ತೋರಿಸಿ ಒಂದು ಅಂಗಡಿಯಿಂದ ಎರಡು ವರ್ಷ ಮಾತ್ರೆ ತಂದರು. ಎಷ್ಟೋ ಸಲ ತಂದುಕೊಟ್ಟವನು ನಾನೇ. ಕಡೆಗೊಮ್ಮೆ ತಾವಾಗಿಯೇ ನಿಲ್ಲಿಸಿದರು. ಎರಡು ದಿನ ಏನೂ ಆಗಲಿಲ್ಲ. “ನೋಡ್ದ್ಯೇನೋ, ಬಿಟ್ಟೇಬಿಟ್ಟೆ!” ಎಂದು ನಕ್ಕರು. ನಾಲ್ಕನೆಯ ದಿನ ನಿದ್ರೆ ಹಾರಿತು, ಕೈ ನಡುಗಿತು. ಆರನೆಯ ದಿನ ಫಿಟ್ಸ್ ಬಂದು ಹಿತ್ತಲಲ್ಲಿ ಬಿದ್ದರು.

ಇದೇಕೆ ಹೀಗಾಯಿತು? ಕ್ಲೋನಜೆಪಾಮ್ ಬೆಂಜೊಡಯಜೆಪೀನ್ ಎಂಬ ಮನೆತನಕ್ಕೆ ಸೇರಿದ್ದು. ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಇದರ ಮೊದಲ ಔಷಧ ೧೯೬೦ರಲ್ಲಿ ಪೇಟೆಗೆ ಬಂದಿತು, ಡಯಜೆಪಾಮ್ ೧೯೬೩ರಲ್ಲಿ. ನರಗಳ ಉದ್ರೇಕವನ್ನು ತಗ್ಗಿಸುವ ‘ಗಾಬಾ’ ಎಂಬ ವಸ್ತು ನಮ್ಮ ಮೆದುಳಿನಲ್ಲಿಯೇ ಉಂಟು. ಈ ಮಾತ್ರೆಗಳು ಅದರ ಕೈ ಬಲಪಡಿಸುತ್ತವೆ. ಬಹುಕಾಲ ಸೇವಿಸಿದರೆ ಮೆದುಳು ಈ ಸಹಾಯಕ್ಕೆ ಒಗ್ಗಿಹೋಗುತ್ತದೆ. ಸಹಾಯವನ್ನು ಥಟ್ಟನೆ ಕಿತ್ತುಕೊಂಡರೆ ತಗ್ಗಿದ್ದ ಉದ್ರೇಕವೆಲ್ಲ ಒಮ್ಮೆಗೇ ಏಳುತ್ತದೆ.

ಔಷಧದ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಹಿಡಿಯುವ ಕಾಲಕ್ಕೆ ಅರ್ಧಾಯು ಎನ್ನುತ್ತಾರೆ. ಆಲ್‌ಪ್ರಜೋಲಾಮಿಗೆ ಇದು ಸುಮಾರು ೧೧ ಗಂಟೆ. ಕ್ಲೋನಜೆಪಾಮಿಗೆ ೩೦ರಿಂದ ೪೦ ಗಂಟೆ. ಡಯಜೆಪಾಮ್ ದೇಹದಲ್ಲಿ ಮಾರ್ಪಟ್ಟು ಹುಟ್ಟುವ ವಸ್ತುವಿಗೆ ೧೦೦ ಗಂಟೆಯವರೆಗೂ ಆಗಬಹುದು. ನಾಲೆಯ ತೂಬು ಮುಚ್ಚಿದ ದಿನವೇ ನಮ್ಮೂರ ಗದ್ದೆ ಒಣಗುವುದಿಲ್ಲವಷ್ಟೆ. ಚಿಕ್ಕಪ್ಪನ ಎರಡು ದಿನದ ನೆಮ್ಮದಿ ಹಾಗೆ ಉಳಿದಿದ್ದ ತೇವ ಮಾತ್ರ.

ಈ ದೀರ್ಘಾವಧಿಯ ಗುಣದಿಂದ ಲಾಭವೂ ಉಂಟು, ಅಪಾಯವೂ ಉಂಟು. ಎರಡು ಮಾತ್ರೆಗಳ ನಡುವೆ ಗಾಬರಿ ಮರುಕಳಿಸುವುದು ಕಡಮೆ, ಇದು ಲಾಭ. ಹಿಂದಿನದು ಕರಗುವ ಮೊದಲೇ ಮುಂದಿನದು ಸೇರಿ ಶೇಖರವಾಗುತ್ತದೆ, ಇದು ಅಪಾಯ. ಒಂದು ಪ್ರಮಾಣದ ಪೂರ್ಣ ಫಲ ತಿಳಿಯಲು ಸುಮಾರು ಒಂದು ವಾರ ಬೇಕಾದುದರಿಂದ ಅವಸರದಿಂದ ಏರಿಸತಕ್ಕದ್ದಲ್ಲ. ವೃದ್ಧರಲ್ಲಿ ಮಂಪರು ಕವಿದು ಬಿದ್ದು ಮೂಳೆ ಮುರಿಯುವ ಭಯವುಂಟು.

ಆದುದರಿಂದ ಬಲ್ಲ ವೈದ್ಯರು ಅನುಸರಿಸುವ ಕ್ರಮವಿದು. ಮೊದಲು ಹೃದಯ, ಥೈರಾಯ್ಡ್, ಮದ್ಯಪಾನ ಇವುಗಳನ್ನು ವಿಚಾರಿಸುತ್ತಾರೆ. ಕ್ಲೋನಜೆಪಾಮನ್ನು ದಿನಕ್ಕೆರಡು ಸಲ ಕಾಲು ಮಿಲಿಗ್ರಾಮಿನಿಂದ ಆರಂಭಿಸುತ್ತಾರೆ. ಹೆಚ್ಚಿನವರಿಗೆ ದಿನಕ್ಕೆ ಒಂದು ಮಿಲಿಗ್ರಾಂ ಸಾಕು. ಮದ್ಯದೊಡನೆಯಾಗಲಿ ಅಫೀಮಿನ ಜಾತಿಯ ನೋವುನಿವಾರಕಗಳೊಡನೆಯಾಗಲಿ ಸೇರಿದರೆ ಉಸಿರಾಟವೇ ನಿಲ್ಲಬಹುದೆಂದು ಎಚ್ಚರಿಸುತ್ತಾರೆ. ವಾಹನ ನಡೆಸಬೇಡವೆನ್ನುತ್ತಾರೆ. ಬೇನೆಯ ಮೂಲ ಚಿಕಿತ್ಸೆ ಬೇರೆಯೇ ಉಂಟು: ಸರ್ಟ್ರಲೀನ್ ಮೊದಲಾದ ಔಷಧಗಳು, ಮತ್ತು ಯೋಚನೆಯ ರೀತಿಯನ್ನು ತಿದ್ದುವ ಮಾತಿನ ಚಿಕಿತ್ಸೆ. ಅವು ಫಲ ಕೊಡಲು ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಈ ಮಾತ್ರೆ ಕಾಲುಸಂಕ ಮಾತ್ರ. ಬ್ರಿಟನ್ನಿನ ನೈಸ್ ಸಂಸ್ಥೆಯಂತೂ ೨೦೧೧ರ ಮಾರ್ಗಸೂಚಿಯಲ್ಲಿ ಈ ಬೇನೆಗೆ ಬೆಂಜೊಡಯಜೆಪೀನ್ ಬರೆಯಲೇಬಾರದೆಂದಿದೆ. ಬಹುಕಾಲ ತೆಗೆದುಕೊಂಡವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ನೂರಕ್ಕೆ ಐದೋ ಹತ್ತೋ ಪಾಲಿನಂತೆ ಇಳಿಸಬೇಕೆಂಬುದು ೨೦೨೫ರ ಅಮೆರಿಕದ ಮಾರ್ಗಸೂಚಿ.

ಕಾನೂನೂ ಸುಮ್ಮನಿಲ್ಲ. ೨೦೧೩ರಲ್ಲಿ ತಂದ ಎಚ್-೧ ಅನುಸೂಚಿಯ ಪ್ರಕಾರ ಡಯಜೆಪಾಮ್, ಆಲ್‌ಪ್ರಜೋಲಾಮ್‌ಗಳನ್ನು ಮಾರಿದವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಕ್ಲೋನಜೆಪಾಮ್ ೧೯೮೫ರ ಮಾದಕವಸ್ತು ಕಾಯಿದೆಯ ಪಟ್ಟಿಯಲ್ಲಿದೆ. ಆದರೆ ಕಾನೂನಿಗಿಂತ ಸಂಕೋಚವೇ ಬಲವಾದೆಡೆ ಕಾನೂನು ಏನು ಮಾಡೀತು? ಮನಸ್ಸಿನ ಬೇನೆ ಮುಚ್ಚಿಡತಕ್ಕದ್ದಲ್ಲವೆಂದು ನಮ್ಮ ಶಿವಮೊಗ್ಗೆಯಲ್ಲಿದ್ದು, ೨೦೧೬ರಲ್ಲಿ ದಿವಂಗತರಾದ ಮನೋವೈದ್ಯ ಡಾ. ಅಶೋಕ್ ಪೈ ಅವರು ಚಲನಚಿತ್ರಗಳ ಮೂಲಕವೂ ತಿಳಿಯಹೇಳಿದ್ದರು. ಈಗ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ೧೪೪೧೬ಕ್ಕೆ ಕರೆಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

ಚಿಕ್ಕಪ್ಪನಿಗೆ ವೈದ್ಯರು ಮಾತ್ರೆಯನ್ನು ಮತ್ತೆ ಆರಂಭಿಸಿ, ಹತ್ತು ತಿಂಗಳಲ್ಲಿ ಮೆಲ್ಲಮೆಲ್ಲನೆ ಇಳಿಸಿ ಬಿಡಿಸಿದರು. ಕೊನೆಯ ಕಾಲು ಮಿಲಿಗ್ರಾಂ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಈಗ ಅವರು ಒಬ್ಬರೇ ಶಿವಮೊಗ್ಗೆಯ ಬಸ್ಸು ಹತ್ತುತ್ತಾರೆ.

ಮಾತ್ರೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗಾಬರಿಯ ದಿನಗಳಲ್ಲಿ ಅದು ಅವರನ್ನು ಕಾಪಾಡಿತು. ಆದರೆ ಆರಂಭಿಸಿದ ದಿನವೇ ಅದನ್ನು ಮುಗಿಸುವ ಬಗೆಯೂ ಗೊತ್ತಾಗಿರಬೇಕು. ಮನೆಯ ಹಿರಿಯರಿಗೆ ಮಾತ್ರೆ ತಂದುಕೊಡುವವರು ಬಹುಮಟ್ಟಿಗೆ ನಾವು ವಿದ್ಯಾರ್ಥಿಗಳೇ. ಮಿತ್ರರೇ, ಮುಂದಿನ ಸಲ ಚೀಟಿಯ ಮೇಲಿನ ತಾರೀಖನ್ನೊಮ್ಮೆ ನೋಡಿರಿ. ನಾನು ಎರಡು ವರ್ಷ ನೋಡಲಿಲ್ಲ.