ಒಂದು ಗಂತಿ, ಹಲವು ಕುಲ

ಖಾನಾಪುರದ ಭತ್ತದ ಗದ್ದೆಯಲ್ಲಿ ಬೆಳೆಯುವ ಕಸ ಒಂದೇ ಜಾತಿಯದಲ್ಲ. ರೈತನು ಕಸನಾಶಕವನ್ನು ಸಿಂಪಡಿಸಿದಾಗ ಬಹುಪಾಲು ಕಸ ಒಣಗುವುದು. ಆದರೆ ಆ ಔಷಧಕ್ಕೆ ಜಗ್ಗದ ಜಾತಿಯೊಂದು ಉಳಿದರೆ, ತೆರವಾದ ನೆಲವೆಲ್ಲ ಅದರ ಪಾಲಾಗುವುದು. ಕ್ಯಾನ್ಸರ್ ಅಥವಾ ಅರ್ಬುದರೋಗದ ಗಂತಿಯಲ್ಲಿಯೂ ಹೀಗೆಯೇ ನಡೆಯುವುದುಂಟು.

ಗಂತಿಯು ಸಾಮಾನ್ಯವಾಗಿ ಕೆಟ್ಟ ಜೀವಕೋಶವೊಂದರಿಂದ ಹುಟ್ಟುವುದು. ಹಾಗಾದರೆ ಅದರ ಸಂತತಿಯೆಲ್ಲ ಒಂದೇ ತೆರನಾಗಿರಬೇಡವೆ? ಲೆಕ್ಕ ಹಾಕಿ ನೋಡೋಣ. ಒಂದು ಕೋಶ 30 ಸಲ ಇಮ್ಮಡಿಸಿದರೆ ಸುಮಾರು 107 ಕೋಟಿ ಕೋಶಗಳಾಗುವುವು, ಗಂತಿ ಗೋಲಿಗುಂಡಿನಷ್ಟಾಗುವುದು. ಪ್ರತಿ ವಿಭಜನೆಯಲ್ಲಿಯೂ ಕೋಶವು ತನ್ನ ಡಿ.ಎನ್.ಎ.ಯ ಸುಮಾರು 600 ಕೋಟಿ ಅಕ್ಷರಗಳನ್ನು ನಕಲು ಮಾಡಬೇಕು. ಒಂದು ಅಕ್ಷರ ತಪ್ಪುವ ಸಂಭವ 100 ಕೋಟಿಗೊಂದು ಎಂದು ಹಿಡಿದರೂ, ಇಷ್ಟು ವಿಭಜನೆಗಳಲ್ಲಿ ನಾವು ಗುರುತಿಟ್ಟ ಯಾವುದೇ ಅಕ್ಷರ ಸರಾಸರಿ ಒಮ್ಮೆ ತಪ್ಪುವುದೆಂದಾಯಿತು. ಅಂದರೆ ಔಷಧವನ್ನು ಗೆಲ್ಲಬಲ್ಲ ಕೋಶವು ಔಷಧ ಕೊಡುವ ಮೊದಲೇ ಅಲ್ಲಿ ಅಡಗಿರಬಹುದು. ಗಂತಿಯೊಳಗೂ ವಿಕಾಸ ನಡೆಯುವುದೆಂದು ಪೀಟರ್ ನೋವೆಲ್ 1976ರಲ್ಲಿಯೇ ಪ್ರತಿಪಾದಿಸಿದ್ದರು.

ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಇ.ಜಿ.ಎಫ್.ಆರ್. ಎಂಬ ಪ್ರೋಟೀನು ಕೆಟ್ಟಿರುವುದು. ಜೆಫಿಟಿನಿಬ್ ಎಂಬ ಔಷಧವು ಬೀಗಕ್ಕೆ ಕೀಲಿಯಂತೆ ಆ ಪ್ರೋಟೀನಿನಲ್ಲಿ ಕುಳಿತು ಅದನ್ನು ತಡೆಯುವುದು. ಗಂತಿ ಕುಗ್ಗುವುದು, ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುವುದು. ಹೀಗೆ ಮರಳಿದ ಗಂತಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಒಂದೇ ಅಕ್ಷರದ ತಪ್ಪು ಕಾರಣವೆಂದು 2005ರಿಂದೀಚೆಗೆ ತಿಳಿಯಿತು. ಆ ಬದಲಾದ ಬೀಗಕ್ಕೆ ಹೊಂದುವ ಓಸಿಮರ್ಟಿನಿಬ್ ಎಂಬ ಔಷಧವು 2015ರಲ್ಲಿ ಬಳಕೆಗೆ ಬಂದಿತು.

ಗಂತಿಯ ಒಂದು ಚೂರನ್ನು ಪರೀಕ್ಷಿಸಿದರೆ ಸಾಕೆ? ಲಂಡನ್ನಿನ ವಿಜ್ಞಾನಿಗಳು 2012ರಲ್ಲಿ ಮೂತ್ರಪಿಂಡದ ಗಂತಿಗಳ ಹಲವು ಭಾಗಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ವ್ಯತ್ಯಾಸಗಳು ಗಂತಿಯ ಎಲ್ಲ ಭಾಗಗಳಲ್ಲಿಯೂ ಇರಲಿಲ್ಲ. ಹಿಡಿ ಕಸವನ್ನು ನೋಡಿ ಇಡೀ ಗದ್ದೆಯನ್ನು ತೀರ್ಮಾನಿಸಲಾಗದಷ್ಟೇ.

ಉಪಾಯವೇನು? ಬೇರೆ ಬೇರೆ ಗುರಿಗಳ ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟರೆ, ಎರಡನ್ನೂ ಗೆಲ್ಲಲು ಒಂದೇ ಕೋಶದಲ್ಲಿ ಎರಡು ತಪ್ಪುಗಳು ಕೂಡಿಬರಬೇಕು. ಅವು ಪರಸ್ಪರ ಸಂಬಂಧವಿಲ್ಲದವಾದರೆ, ಆ ಸಂಭವ 1ರ ಮುಂದೆ 18 ಸೊನ್ನೆಗಳಷ್ಟರಲ್ಲಿ ಒಂದು! ಆದರೆ ದೇಹವು ಎರಡನ್ನೂ ತಾಳಬೇಕು. ಎರಡಕ್ಕೂ ಜಗ್ಗದಂತೆ ಮಾಡುವ ಒಂದೇ ತಪ್ಪೂ ಇರಕೂಡದು.

2025ರ ಜನವರಿಯಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಕ್ಯಾನ್ಸರ್ ಆಸ್ಪತ್ರೆಯ ಉದ್ಘಾಟನೆಯಾಯಿತು. ಯಾವುದೇ ಆಸ್ಪತ್ರೆಯಲ್ಲಿ ರೋಗ ಮರಳಿದಾಗ ವೈದ್ಯರು ಮತ್ತೊಮ್ಮೆ ಚೂರು ತೆಗೆದು ಪರೀಕ್ಷಿಸಬೇಕೆಂದರೆ, ಮನೆಯವರು ಅದನ್ನು ವ್ಯರ್ಥ ಖರ್ಚೆಂದು ಭಾವಿಸಬಾರದು. ಹಳೆಯ ವರದಿ ಹಳೆಯ ಗಂತಿಯದು; ಈಗ ಎದುರಿಗಿರುವುದು ಬೇರೆ ಕುಲ.