ಕರಿಬೇವಿನ ಗಿಡದಿಂದ ಶುರುಮಾಡು

ಕೂಸೇ, ಕ್ಯಾಮೆರಾ ಕೈಗೆ ಬಂದದ್ದೇ ಬಂಡೀಪುರದ ಸಫಾರಿಗೆ ಕರೆದುಕೊಂಡು ಹೋಗಿ ಅಂತ ನಿಮ್ಮಪ್ಪನನ್ನು ಕಾಡುತ್ತಿದ್ದೀಯಂತೆ. ಹೋಗು, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಹುಲಿ ಎಷ್ಟು ಹೊತ್ತು ನಿಲ್ಲಬೇಕು, ಜೀಪು ಯಾವಾಗ ಹೊರಡಬೇಕು ಎನ್ನುವುದು ನಿನ್ನ ಕೈಯಲ್ಲಿಲ್ಲ. ನಮ್ಮೂರು ಹರವೆಯ ಹಿತ್ತಲಲ್ಲಿ, ಬಚ್ಚಲ ನೀರು ಕುಡಿದು ಬೆಳೆದ ಕರಿಬೇವಿನ ಮುಂದೆ ಬೇಕಾದಷ್ಟು ಹೊತ್ತು ಕೂರಬಹುದು. ಒಂದು ವರ್ಷ ಆ ಒಂದು ಗಿಡವನ್ನು ಬಿಡದೆ ನೋಡು.

ಮಳೆ ಬಿದ್ದು ಚಿಗುರೊಡೆದಾಗ ಎಳೆ ಎಲೆಗಳನ್ನು ಮೆಲ್ಲಗೆ ತಿರುವಿ ನೋಡು. ಸಾಸಿವೆ ಗಾತ್ರದ ತಿಳಿಹಳದಿ ಮೊಟ್ಟೆ ಒಂದೊಂದೇ ಅಂಟಿಕೊಂಡಿರುತ್ತದೆ. ನಿಂಬೆ ಚಿಟ್ಟೆ ಇಟ್ಟದ್ದಿರಬಹುದು. ಅದರಿಂದ ಬರುವ ಹುಳವನ್ನು ಮೊದಲು ಹಕ್ಕಿಯ ಹಿಕ್ಕೆ ಅಂದುಕೊಂಡು ಬಿಟ್ಟುಬಿಡುತ್ತೀಯ. ಹಕ್ಕಿಗಳೂ ಹಾಗೇ ಬಿಟ್ಟು ಹೋಗಲಿ ಎಂದೇ ಆ ಕಪ್ಪು ಬಿಳುಪಿನ ವೇಷ. ಬೆಳೆದ ಮೇಲೆ ಎಲೆಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೊಂಬು ಹೊರಚಾಚಿ ಕಟುವಾಸನೆ ಬಿಡುತ್ತದೆ. ಅದನ್ನು ನೋಡಬೇಕೆಂದು ಕಡ್ಡಿಯಲ್ಲಿ ಚುಚ್ಚಬೇಡ. ಇರುವೆಯೋ ಜೇಡವೋ ಹತ್ತಿರ ಬಂದಾಗ ತಾನಾಗಿ ತೋರಿಸೀತು, ಕಾಯಿ. ಮೊಟ್ಟೆಯಿಂದ ಚಿಟ್ಟೆಯವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಎಷ್ಟೋ ಸಲ ಕೋಶ ಒಡೆದು ಚಿಟ್ಟೆಯ ಬದಲು ಸಣ್ಣ ಕಣಜಗಳು ಹೊರಬರುತ್ತವೆ. ತಾಯಿ ಕಣಜ ಮೊದಲೇ ಒಳಗೆ ಮೊಟ್ಟೆ ಇಟ್ಟಿರುತ್ತದೆ. ಬೇಜಾರು ಮಾಡಿಕೊಳ್ಳದೆ ಅದನ್ನೂ ತೆಗೆ. ಅಂಥ ಚಿತ್ರ ಸಿಗುವುದೇ ಅಪರೂಪ.

ಅದೇ ಗಿಡಕ್ಕೆ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯೂ ಮೊಟ್ಟೆ ಇಡಲು ಬರುತ್ತದೆ. ಅದರ ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇರುತ್ತವೆ. ಇನ್ನು ಕೆಲವಕ್ಕೆ ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆ. ಈಶ್ವರಿ ಬಳ್ಳಿ ತಿಂದು ವಿಷ ಕೂಡಿಟ್ಟುಕೊಳ್ಳುವ ಬೇರೆ ಚಿಟ್ಟೆಗಳ ಅನುಕರಣೆ ಅದು. ವಿಷವಿಲ್ಲದ್ದು ವಿಷವಿದ್ದದ್ದರ ಬಟ್ಟೆ ತೊಟ್ಟು ಬದುಕುತ್ತಿದೆ, ಅದೂ ನಮ್ಮ ಬಚ್ಚಲ ಪಕ್ಕದಲ್ಲಿ! ಮೈ ಕೆಂಪಗಿದ್ದರೆ ನಿಜವಾದ ವಿಷದ್ದು, ಕಪ್ಪಗಿದ್ದರೆ ಮಾರ್ಮನ್. ಇದಕ್ಕೇ ಹೇಳುವುದು, ರೆಕ್ಕೆಯ ಅಂದಕ್ಕೆ ಮರುಳಾಗಿ ಮೈಯನ್ನು ಚಿತ್ರದಿಂದ ಹೊರಗಿಡಬೇಡ.

ಬೆಳಗ್ಗೆ ಬಿಸಿಲೇರುವ ಮೊದಲೇ ಹೋಗು. ಕೀಟಗಳ ಮೈ ಬಿಸಿಯಾಗಲು ಬಿಸಿಲು ಬೇಕು. ಅಲ್ಲಿವರೆಗೆ ಹಾರದೆ ಕೂತಿರುತ್ತವೆ, ಬೆಳಕೂ ಮೃದುವಾಗಿರುತ್ತದೆ. ನಿನ್ನ ನೆರಳು ಅವುಗಳ ಮೇಲೆ ಬೀಳದಿರಲಿ. ಮೇಲಿಂದ ಬಗ್ಗಿ ತೆಗೆಯದೆ, ನೆಲಕ್ಕೆ ಕೂತು ಹುಳದ ಕಣ್ಣಿನ ಮಟ್ಟಕ್ಕೆ ಇಳಿ. ಫೋಕಸ್ ಕಣ್ಣಿನ ಮೇಲೇ ಇರಲಿ. ಫ್ಲ್ಯಾಷ್ ಬೇಕೇ ಬೇಕೆಂದರೆ ಅದರ ಮುಂದೆ ತೆಳು ಬಿಳಿ ಕಾಗದ ಹಿಡಿ. ರೆಕ್ಕೆಯ ಮೇಲ್ಭಾಗ, ಕೆಳಭಾಗ, ಕೂತ ಗಿಡದ ಎಲೆ, ಇವಿಷ್ಟೂ ಸಿಕ್ಕರೆ ಹೆಸರು ಹುಡುಕುವುದು ಸಲೀಸು.

ಕೃಪಾಕರ-ಸೇನಾನಿ ಅವರ ಹೆಸರು ಕೇಳಿದ್ದೀಯಲ್ಲ. ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಚಿತ್ರ ಮಾಡಿದವರು. 2010ರಲ್ಲಿ ಅವರಿಗೆ ಗ್ರೀನ್ ಆಸ್ಕರ್ ಎನ್ನುವ ಪ್ರಶಸ್ತಿ ಬಂತು. ದುಬಾರಿ ಲೆನ್ಸ್ ಇದ್ದ ಮಾತ್ರಕ್ಕೆ ಅಂಥ ಕೆಲಸ ಆಗುವುದಿಲ್ಲ. ಒಂದೇ ಪ್ರಾಣಿಯ ಜೊತೆ ಅಷ್ಟು ಕಾಲ ಇರುವ ತಾಳ್ಮೆ ಬೇಕು, ಅದನ್ನು ಹಿತ್ತಲಲ್ಲೂ ಕಲಿಯಬಹುದು.

ರಾತ್ರಿ ಬಿಳಿ ಪಂಚೆ ಕಟ್ಟಿ ಮುಂದೆ ಬಲ್ಬು ಹಾಕಿದರೆ ಪತಂಗಗಳು ಬರುತ್ತವೆ. ಬೆಳಗಿನವರೆಗೆ ದೀಪ ಬಿಡಬೇಡ. ಹಲ್ಲಿಗೆ, ಬೆಳಗಾದರೆ ಹಕ್ಕಿಗೆ ಸುಮ್ಮನೆ ಉಣಬಡಿಸಿದಂತೆ. ಗೂಡಿನಲ್ಲಿ ಮರಿಯಿರುವ ಪಿಕಳಾರವನ್ನು ತೆಗೆಯಲೇಬೇಡ. ನೀನು ಸರಿಸಿದ ಕೊಂಬೆಯ ಜಾಡು ಕಾಗೆಗೆ ಸಿಗುತ್ತದೆ. ಹುಳವನ್ನು ಫ್ರಿಡ್ಜಿನಲ್ಲಿಟ್ಟು ಮಂಕು ಮಾಡಿ ಚಿತ್ರ ತೆಗೆಯುವವರೂ ಇದ್ದಾರೆ, ಅಂಥವರ ಚಿತ್ರ ಎಷ್ಟು ಚೆಂದವಿದ್ದರೂ ನನಗೆ ಬೇಡ. ಸೌದೆ ರಾಶಿಗೆ, ಕಲ್ಲಿನ ಸಂದಿಗೆ ಬರಿಗೈ ಹಾಕಬೇಡ, ಕೊಳಕುಮಂಡಲ ಇರುವ ಸೀಮೆ ನಮ್ಮದು. ಹೆಜ್ಜೇನು ಕಟ್ಟಿದ ಮರದ ಕೆಳಗೆ ಫ್ಲ್ಯಾಷ್ ಹಾಕಬೇಡ.

ತೆಗೆದದ್ದನ್ನೆಲ್ಲ ತಾರೀಕು, ಹೊತ್ತು, ಗಿಡದ ಹೆಸರಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡು. ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ಮನೆ ಇರುವ ಜಾಗ ನಿಖರವಾಗಿ ಕಾಣದಂತೆ ಮರೆಮಾಡಲು ಅದರಲ್ಲೇ ದಾರಿಯಿದೆ. ಹುಲಿಯನ್ನು ಎಣಿಸಲು ಸರ್ಕಾರವಿದೆ. ಹರವೆಯ ಒಂದು ಕರಿಬೇವಿನ ಗಿಡಕ್ಕೆ ಯಾವ ತಿಂಗಳಲ್ಲಿ ಯಾವ ಚಿಟ್ಟೆ ಬಂತು ಎಂದು ನೀನು ಬರೆಯದಿದ್ದರೆ ಬೇರೆ ಯಾರು ಬರೆದಾರು?

ಇದಕ್ಕೆಲ್ಲ ಮೊದಲು ನಿಮ್ಮವ್ವನ ಹತ್ತಿರ ಮಾತಾಡು. ಎಲೆಯಲ್ಲಿ ತೂತು ಕಂಡರೆ ಔಷಧಿ ಹೊಡೆಸುವುದು ರೂಢಿ. ಬೆಳೆದ ಗಿಡ ಹುಳ ತಿಂದರೂ ಮತ್ತೆ ಚಿಗುರುತ್ತದೆ, ಒಗ್ಗರಣೆಗೆ ಬೇಕಾದ್ದನ್ನು ಇನ್ನೊಂದು ಗಿಡದಲ್ಲಿ ಕಿತ್ತುಕೊಳ್ಳಲಿ. ಈ ಒಂದನ್ನು ನನಗೆ ಬಿಟ್ಟುಕೊಡು ಅಂತ ಕೇಳಿಕೋ.